ಕೌಚ್ ಟು 5ಕೆ: ಗಡಿಯಾರದ ಲೆಕ್ಕದಲ್ಲಿ ಪಾಸು, ದೂರದ ಲೆಕ್ಕದಲ್ಲಿ ಬಾಕಿ

ಓಟದ ಗಂಧಗಾಳಿಯೂ ಇಲ್ಲದವರನ್ನು ಒಂಬತ್ತು ವಾರಗಳಲ್ಲಿ ಐದು ಕಿಲೋಮೀಟರ್ ಓಡುವಂತೆ ಮಾಡುತ್ತೇನೆಂದು ಹೇಳಿಕೊಳ್ಳುವ ‘ಕೌಚ್ ಟು 5ಕೆ’ ಎಂಬ ಉಚಿತ ಅಭ್ಯಾಸಕ್ರಮದ ಎಂಟನೇ ವಾರದಲ್ಲಿ ನಾನೀಗ ಇದ್ದೇನೆ. ಉಳಿದಿರುವುದು ಒಂಬತ್ತನೇ ವಾರವೊಂದೇ. ಎಲ್ಲ ಮುಗಿದ ಮೇಲೆ ಬರೆದರೆ ಸಂಭ್ರಮದಲ್ಲಿ ಅದರ ದೋಷಗಳು ಮರೆತುಹೋಗುತ್ತವೆ, ಮೊದಲ ವಾರದಲ್ಲೇ ಬರೆದರೆ ಏದುಸಿರಿನ ನಡುವೆ ಅದರ ಗುಣಗಳು ಕಾಣುವುದಿಲ್ಲ. ಆದ್ದರಿಂದ ಇದರ ಯೋಗ್ಯತೆಯನ್ನು ಅಳೆಯುವುದಕ್ಕೆ ಇದೇ ಸರಿಯಾದ ಹೊತ್ತು ಎಂದುಕೊಂಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಅರ್ಧ ಗಂಟೆ ನಿಲ್ಲದೆ ಓಡುವುದನ್ನು ಕಲಿಸುವ ಪಾಠವಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಆದರೆ ಐದು ಕಿಲೋಮೀಟರ್ ಓಡಿಸುವ ಪಾಠವಾಗಿ ಇದು ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಈ ಕ್ರಮ ಎಲ್ಲವನ್ನೂ ನಿಮಿಷಗಳಲ್ಲಿ ಅಳೆಯುತ್ತದೆ.

ಇದನ್ನು 1996ರಲ್ಲಿ ರೂಪಿಸಿದವರು ಅಮೆರಿಕದ ಜಾಶ್ ಕ್ಲಾರ್ಕ್. ಐವತ್ತು ದಾಟಿದ ತಮ್ಮ ತಾಯಿಯಂಥವರೂ ಹೆದರದೆ ಓಟಕ್ಕೆ ಇಳಿಯುವಂತಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮುಂದೆ ಇದನ್ನು ತನ್ನದಾಗಿಸಿಕೊಂಡು, ಧ್ವನಿ ಸೂಚನೆಗಳನ್ನೂ ಸೇರಿಸಿ ಜನರಿಗೆ ಉಚಿತವಾಗಿ ಹಂಚಿದ ಮೇಲೆ ಇದು ಮನೆಮಾತಾಯಿತು. ಇಂದು ಫೋನಿನಲ್ಲಿ ಸಿಗುವ ಹತ್ತಾರು ಆ್ಯಪ್‌ಗಳ ಒಳಗಿರುವುದು ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇದೇ ವೇಳಾಪಟ್ಟಿ. ವಾರಕ್ಕೆ ಮೂರು ದಿನ ಓಟ, ನಡುವೆ ಕನಿಷ್ಠ ಒಂದೊಂದು ದಿನ ಬಿಡುವು, ಒಟ್ಟು 27 ಓಟಗಳು. ನಾನು ಅನುಸರಿಸುತ್ತಿರುವುದು ಎನ್‌ಎಚ್‌ಎಸ್ ಪ್ರಕಟಿಸಿರುವ ವೇಳಾಪಟ್ಟಿಯನ್ನು.

ಪ್ರತಿ ಓಟವೂ ಐದು ನಿಮಿಷದ ಬಿರುಸು ನಡಿಗೆಯಿಂದ ಆರಂಭವಾಗುತ್ತದೆ. ಮೊದಲ ವಾರ ಅರವತ್ತು ಸೆಕೆಂಡು ಓಡಿ ತೊಂಬತ್ತು ಸೆಕೆಂಡು ನಡೆಯಬೇಕು, ಇಪ್ಪತ್ತು ನಿಮಿಷ ತುಂಬುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಲೆಕ್ಕ ಹಾಕಿದರೆ ಆ ಇಪ್ಪತ್ತರಲ್ಲಿ ನಿಜವಾಗಿ ಓಡಿದ್ದು ಎಂಟು ನಿಮಿಷ ಮಾತ್ರ. ಎರಡನೇ ವಾರ ಓಟ ತೊಂಬತ್ತು ಸೆಕೆಂಡಿಗೂ ನಡಿಗೆ ಎರಡು ನಿಮಿಷಕ್ಕೂ ಏರುತ್ತದೆ. ಓಟವನ್ನು ಹೆಚ್ಚಿಸಿದಾಗ ವಿಶ್ರಾಂತಿಯನ್ನೂ ಹೆಚ್ಚಿಸಿರುವುದನ್ನು ಗಮನಿಸಬೇಕು. ಹೊಸಬರನ್ನು ದಂಡಿಸಿಯೇ ಕಲಿಸಬೇಕು ಎಂದು ನಂಬಿರುವ ಜಿಮ್ ತರಬೇತುದಾರರಿಗೆ ಈ ಔದಾರ್ಯ ಹೊಳೆಯುವುದಿಲ್ಲ. ಮೂರನೇ ವಾರದಲ್ಲಿ ಮೊದಲ ಬಾರಿಗೆ ಮೂರು ನಿಮಿಷದ ಓಟ ಬರುತ್ತದೆ, ಆದರೆ ಅದರ ಬೆನ್ನಿಗೇ ಮೂರು ನಿಮಿಷದ ನಡಿಗೆಯೂ ಇರುವುದರಿಂದ ಅದು ಅಷ್ಟಾಗಿ ಕಾಡುವುದಿಲ್ಲ.

ಈ ಕ್ರಮವನ್ನು ಕುರಿತು ಮಾತನಾಡುವವರೆಲ್ಲ ಐದನೇ ವಾರದ ಕೊನೆಯ ಓಟದ ಬಗ್ಗೆಯೇ ಹೆದರಿಸುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ಏರು ಇರುವುದು ನಾಲ್ಕನೇ ವಾರದಲ್ಲಿ. ಮೂರನೇ ವಾರದಲ್ಲಿ ಒಂದು ದಿನಕ್ಕೆ ಒಟ್ಟು ಒಂಬತ್ತು ನಿಮಿಷ ಓಡಿದವರು ನಾಲ್ಕನೇ ವಾರದಲ್ಲಿ ಮೂರು, ಐದು, ಮತ್ತೆ ಮೂರು, ಮತ್ತೆ ಐದು ಎಂದು ಒಮ್ಮೆಗೇ ಹದಿನಾರು ನಿಮಿಷಕ್ಕೆ ಏರಬೇಕಾಗುತ್ತದೆ. ಅದೂ ಮೂರು ನಿಮಿಷದ ಓಟಗಳ ನಂತರ ಸಿಗುವ ಬಿಡುವು ತೊಂಬತ್ತೇ ಸೆಕೆಂಡು. ಮೀನಖಂಡ ಗಟ್ಟಿಯಾಗುವುದು, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯುದ್ದಕ್ಕೂ ನೋವು ಕಾಣಿಸಿಕೊಳ್ಳುವುದು, ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಎಂಬ ಮಾತು ಬಾಯಿಗೆ ಬರುವುದು, ಇವೆಲ್ಲ ಈ ವಾರದ ಲಕ್ಷಣಗಳು. ಯಾರಾದರೂ ನನ್ನ ಸಲಹೆ ಕೇಳಿದರೆ, ನಾಲ್ಕನೇ ವಾರವನ್ನು ಮರುಮಾತಿಲ್ಲದೆ ಎರಡು ಸಲ ಮಾಡಿ ಎನ್ನುತ್ತೇನೆ. ಒಂದು ವಾರವನ್ನು ಪುನರಾವರ್ತಿಸಿದರೆ ಯಾರೂ ಫೇಲು ಮಾಡುವುದಿಲ್ಲ. ಒಂಬತ್ತು ವಾರಗಳ ಪಾಠ ಹತ್ತೋ ಹನ್ನೊಂದೋ ವಾರಕ್ಕೆ ಹಿಗ್ಗಿದರೆ ನಷ್ಟವೇನೂ ಇಲ್ಲ.

ಅದನ್ನು ದಾಟಿದವರಿಗೆ ಐದನೇ ವಾರ ಒಂದು ಜಾಣ ಏರ್ಪಾಡಾಗಿ ಕಾಣುತ್ತದೆ. ಮೊದಲ ದಿನ ಐದೈದು ನಿಮಿಷದ ಮೂರು ಓಟಗಳು. ಎರಡನೇ ದಿನ ಎಂಟೆಂಟು ನಿಮಿಷದ ಎರಡು ಓಟಗಳು, ನಡುವೆ ಐದು ನಿಮಿಷದ ನಡಿಗೆ. ಮೂರನೇ ದಿನ ನಡಿಗೆಯೇ ಇಲ್ಲದ ಇಪ್ಪತ್ತು ನಿಮಿಷದ ಓಟ. ಎಂಟರಿಂದ ಇಪ್ಪತ್ತಕ್ಕೆ ಹಾರುವುದು ಹೇಗೆ ಎಂದು ಎದೆ ನಡುಗುವುದು ಸಹಜವಾದರೂ, ಒಟ್ಟು ಓಟವನ್ನು ನೋಡಿದರೆ ಹದಿನೈದು, ಹದಿನಾರು, ಇಪ್ಪತ್ತು ಎಂದು ಅದು ಮೆಲ್ಲಗೆ ಏರಿದೆಯಷ್ಟೇ. ಕಾಲಿಗೆ ಹೊಸದಾಗಿ ಬಿದ್ದ ಹೊರೆ ನಾಲ್ಕು ನಿಮಿಷ. ಉಳಿದದ್ದು ತಲೆಯೊಳಗಿನ ಹೊರೆ. ಆರನೇ ವಾರದ ಆರಂಭದಲ್ಲಿ ಮತ್ತೆ ಐದು, ಎಂಟು, ಐದು ಎಂದು ತುಂಡು ಓಟಗಳಿಗೆ ಹಿಂದಿರುಗಿಸುವುದು ಕೂಡ ನನಗೆ ಮೆಚ್ಚುಗೆಯಾಯಿತು, ಏಕೆಂದರೆ ಇಪ್ಪತ್ತು ನಿಮಿಷ ಓಡಿದ ಉತ್ಸಾಹದಲ್ಲಿ ಮರುದಿನವೇ ಇಪ್ಪತ್ತೈದಕ್ಕೆ ಕೈಹಾಕಿ ಕಾಲು ನೋಯಿಸಿಕೊಳ್ಳುವವರಿಗೆ ಇದು ಕಡಿವಾಣ ಹಾಕುತ್ತದೆ. ವಿಚಿತ್ರವೆಂದರೆ, ಆ ತುಂಡು ಓಟ ಹಿಂದಿನ ಇಪ್ಪತ್ತು ನಿಮಿಷಕ್ಕಿಂತ ಕಷ್ಟವೆನಿಸುತ್ತದೆ. ಮೈ ಲಯಕ್ಕೆ ಬರುವ ಹೊತ್ತಿಗೆ ನಿಲ್ಲಿಸಿ, ತಣ್ಣಗಾಗುವ ಹೊತ್ತಿಗೆ ಮತ್ತೆ ಎಬ್ಬಿಸಬೇಕಾಗುತ್ತದೆ.

ಇನ್ನು ನಮ್ಮೂರಿಗೆ ಇದು ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ. ಬೆಂಗಳೂರಿನ ಬಡಾವಣೆಯ ರಸ್ತೆಗಳಲ್ಲಿ ಅಡೆತಡೆಯಿಲ್ಲದ ಒಂದು ಕಿಲೋಮೀಟರ್ ಹುಡುಕುವುದೇ ಒಂದು ಸಾಹಸ. ಫುಟ್‌ಪಾತಿನ ಕಲ್ಲುಚಪ್ಪಡಿಯೊಂದು ಎದ್ದಿರುತ್ತದೆ, ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್ ಕಂಬ, ಅದನ್ನು ಬಳಸಿ ಬಂದರೆ ಫುಟ್‌ಪಾತಿನ ಮೇಲೇ ನಿಲ್ಲಿಸಿದ ಸ್ಕೂಟರು. ಬೆಳಕು ಹರಿಯುವ ಮೊದಲು ಹೊರಟರೆ ಬೀದಿನಾಯಿಗಳ ಗುಂಪು ಓಡುವವರನ್ನು ಕಂಡೊಡನೆ ಹುರುಪುಗೊಳ್ಳುತ್ತದೆ. ಇಂಥ ಕಡೆ ‘ಇಂದು ಮೂರು ಕಿಲೋಮೀಟರ್ ಓಡು’ ಎಂದು ಹೇಳುವ ಕ್ರಮವಾಗಿದ್ದರೆ ನಾನು ಎರಡನೇ ವಾರಕ್ಕೇ ಕೈಬಿಡುತ್ತಿದ್ದೆ. ‘ಇಂದು ಎಂಟು ನಿಮಿಷ ಓಡು’ ಎಂದು ಹೇಳುವ ಕ್ರಮಕ್ಕೆ ಒಂದು ಸಣ್ಣ ಪಾರ್ಕು ಸಾಕು, ಸುತ್ತು ಎಷ್ಟಾದರೂ ಇರಲಿ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಂಥ ಕಡೆ ನಾಲ್ವರು ಸಾಲಾಗಿ ಮಾತನಾಡುತ್ತ ನಡೆಯುವಾಗ ಅವರ ಹಿಂದೆ ನಿಧಾನಿಸಬೇಕಾಗಿ ಬಂದರೂ ಗಡಿಯಾರ ಓಡುತ್ತಲೇ ಇರುತ್ತದೆ, ಆದ್ದರಿಂದ ಅವರ ಮೇಲೆ ಸಿಟ್ಟೂ ಬರುವುದಿಲ್ಲ. ಹೆಂಗಸರಿಗೆ ಇದರಿಂದ ಇನ್ನೊಂದು ಅನುಕೂಲವಿದೆ: ದೂರ ಮುಗಿಸಲೆಂದು ಗುರುತಿಲ್ಲದ ನಿರ್ಜನ ರಸ್ತೆಗೆ ಹೋಗಬೇಕಾಗಿಲ್ಲ, ದೀಪವಿರುವ, ಜನವಿರುವ ನಾಲ್ಕು ಗೋಡೆಯ ಪಾರ್ಕಿನಲ್ಲೇ ಇಡೀ ಪಾಠ ಮುಗಿಯುತ್ತದೆ.

ಒಂದೇ ಮುಜುಗರವೆಂದರೆ ಮೊದಲ ನಾಲ್ಕು ವಾರಗಳಲ್ಲಿ ನಾವು ನೋಡುವವರ ಕಣ್ಣಿಗೆ ಬೀಳುತ್ತೇವೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಪೇಪರು ಓದುತ್ತಿದ್ದ ಹಿರಿಯರೊಬ್ಬರು ಕೆಲವು ದಿನ ನನ್ನನ್ನೇ ಗಮನಿಸಿ, ಕೊನೆಗೆ ತಡೆಯಲಾರದೆ, “ಏನಮ್ಮಾ, ಓಡ್ತೀಯಾ, ನಿಲ್ತೀಯಾ, ಮತ್ತೆ ಓಡ್ತೀಯಾ, ಪೆಟ್ರೋಲಲ್ಲಿ ಕಸ ಸೇರ್ಕೊಂಡಿರೋ ಸ್ಕೂಟರ್ ಥರ! ಏನ್ ಸಮಾಚಾರ?” ಎಂದು ಕೇಳಿದರು. ಕ್ರಮವನ್ನು ವಿವರಿಸಿದೆ. “ಹಂಗಾದ್ರೆ ನಿಲ್ಲೋದೂ ಸಿಲಬಸ್ಸಲ್ಲೇ ಇದೆ ಅನ್ನು” ಎಂದು ನಕ್ಕು ಪೇಪರಿಗೆ ಮರಳಿದರು. ಈ ಕ್ರಮದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ನಡಿಗೆ ಇಲ್ಲಿ ಸೋಲಿನ ಗುರುತಲ್ಲ, ಪಠ್ಯದ ಭಾಗ. ಅದಕ್ಕಾಗಿಯೇ ಬೇರೆ ಎಷ್ಟೋ ವ್ಯಾಯಾಮಗಳನ್ನು ಅರ್ಧಕ್ಕೆ ಬಿಟ್ಟವರು ಇದನ್ನು ಮುಗಿಸುತ್ತಾರೆ.

ಇಷ್ಟು ಹೊಗಳಿದ ಮೇಲೆ ದೂರಿಗೆ ಬರಬೇಕು. ಏಳನೇ ವಾರ ಇಪ್ಪತ್ತೈದು ನಿಮಿಷ, ಎಂಟನೇ ವಾರ ಇಪ್ಪತ್ತೆಂಟು, ಒಂಬತ್ತನೇ ವಾರ ಮೂವತ್ತು, ಅಲ್ಲಿಗೆ ಪದವಿ ಪ್ರದಾನ. ಆದರೆ ಮೂವತ್ತು ನಿಮಿಷದಲ್ಲಿ ಐದು ಕಿಲೋಮೀಟರ್ ಮುಗಿಯಬೇಕಾದರೆ ಪ್ರತಿ ಕಿಲೋಮೀಟರನ್ನೂ ಆರು ನಿಮಿಷದಲ್ಲಿ ಓಡಬೇಕು. ಒಂಬತ್ತು ವಾರದ ಹಿಂದೆ ಬಸ್ಸಿನ ಹಿಂದೆ ಓಡಿದರೂ ಉಬ್ಬಸ ಬರುತ್ತಿದ್ದವರಲ್ಲಿ ಆ ವೇಗ ಎಷ್ಟು ಮಂದಿಗೆ ಬರುತ್ತದೆ? ಕಿಲೋಮೀಟರಿಗೆ ಏಳೂವರೆ ನಿಮಿಷ ತೆಗೆದುಕೊಳ್ಳುವವರು ಮೂವತ್ತು ನಿಮಿಷದಲ್ಲಿ ಓಡುವುದು ನಾಲ್ಕು ಕಿಲೋಮೀಟರ್, ಎಂಟು ನಿಮಿಷ ತೆಗೆದುಕೊಳ್ಳುವವರು ಓಡುವುದು ಮೂರೂಮುಕ್ಕಾಲು. ನಾನು ಈ ಎರಡನೆಯವರ ಸಾಲಿಗೆ ಸೇರಿದವಳು. ಅಂದರೆ ಒಂಬತ್ತನೇ ವಾರ ಮುಗಿದಾಗಲೂ ಹೆಸರಿನಲ್ಲಿರುವ ಐದರಲ್ಲಿ ಒಂದೂಕಾಲು ಕಿಲೋಮೀಟರ್ ನನ್ನ ಪಾಲಿಗೆ ಬಾಕಿ ಉಳಿದಿರುತ್ತದೆ.

ಮೂಲ ಕ್ರಮವೂ ಈ ಆಕ್ಷೇಪದಿಂದ ಪೂರ್ತಿ ಪಾರಾಗುವುದಿಲ್ಲ. ಅಮೆರಿಕದ ಹಳೆಯ ವೇಳಾಪಟ್ಟಿಯಲ್ಲಿ ಕೊನೆಯ ವಾರಗಳಿಗೆ ದೂರ ಮತ್ತು ಸಮಯ ಎರಡನ್ನೂ ಕೊಟ್ಟು, ಯಾವುದಾದರೊಂದನ್ನು ಆರಿಸಿಕೊಳ್ಳಿ ಎಂದು ಬಿಟ್ಟಿದ್ದರು; ಒಂಬತ್ತನೇ ವಾರಕ್ಕೆ ಇದ್ದದ್ದು ಮೂರು ಮೈಲಿ ಅಥವಾ ಮೂವತ್ತು ನಿಮಿಷ. ಮೂರು ಮೈಲಿ ಎಂದರೆ 4.8 ಕಿಲೋಮೀಟರ್, ಅದು ಸರಿಸುಮಾರು ಐದೇ ಎಂದು ಒಪ್ಪಿಕೊಳ್ಳೋಣ. ಆದರೆ ಮೈಲಿಗೆ ಹತ್ತು ನಿಮಿಷದ ವೇಗವಿದ್ದವರಿಗೆ ಮಾತ್ರ ಆ ಎರಡು ಅಳತೆಗಳು ಒಂದಾಗುತ್ತವೆ. ನಿಧಾನವಾಗಿ ಓಡುವವರು ದೂರವನ್ನು ಆರಿಸಿಕೊಂಡರೆ ಎಷ್ಟು ಹೊತ್ತು ಓಡಬೇಕಾದೀತೆಂಬ ಅಂದಾಜು ಅದರಲ್ಲಿ ಇಲ್ಲ, ಸಮಯವನ್ನು ಆರಿಸಿಕೊಂಡರೆ ಉಳಿದ ದೂರವನ್ನು ಯಾವಾಗ ಸೇರಿಸಿಕೊಳ್ಳಬೇಕೆಂಬ ಸೂಚನೆ ಇಲ್ಲ. ಆರು ವಾರಗಳವರೆಗೆ ಸೆಕೆಂಡು ಸೆಕೆಂಡಿಗೂ ಕೈಹಿಡಿದು ನಡೆಸಿದ ಪಾಠ ಕೊನೆಯಲ್ಲಿ ಹೀಗೆ ಕೈಬಿಡುವುದು ನನಗೆ ಸರಿ ಕಾಣಲಿಲ್ಲ. ಕೊನೆಯ ಮೂರು ವಾರಗಳು ಸಪ್ಪೆ ಎಂಬುದೂ ನಿಜ: ಮೂರು ದಿನವೂ ಅದೇ ನಿಮಿಷ, ಅದೇ ಓಟ. ಮೊದಲ ಆರು ವಾರಗಳಲ್ಲಿದ್ದ ‘ನಾಳೆ ಏನು ಬರುತ್ತದೋ’ ಎಂಬ ಕುತೂಹಲ ಮಾಯವಾಗುತ್ತದೆ. ಬಹುಶಃ ಓಟದ ನಿಜಸ್ವರೂಪವೇ ಸಪ್ಪೆ, ಅದಕ್ಕೆ ಒಗ್ಗಿಸುವುದೇ ಇದರ ಗುಟ್ಟು ಎಂದು ವಾದಿಸಬಹುದು. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ.

ಇನ್ನೊಂದು ಕೊರತೆ ವೇಗಕ್ಕೆ ಸಂಬಂಧಿಸಿದ್ದು. ಎಷ್ಟು ಹೊತ್ತು ಓಡಬೇಕೆಂದು ವೇಳಾಪಟ್ಟಿ ಖಚಿತವಾಗಿ ಹೇಳುತ್ತದೆ, ಎಷ್ಟು ನಿಧಾನವಾಗಿ ಓಡಬೇಕೆಂದು ಅದರ ಚೌಕಗಳಲ್ಲಿ ಎಲ್ಲೂ ಬರೆದಿಲ್ಲ. ಅರವತ್ತೇ ಸೆಕೆಂಡಲ್ಲವೇ ಎಂದು ಮೊದಲ ವಾರದಲ್ಲಿ ಬಾಣದಂತೆ ಚಿಮ್ಮುವವರು ನಾಲ್ಕನೇ ವಾರದಲ್ಲಿ ಸೊಂಟ ಹಿಡಿದು ನಿಲ್ಲುತ್ತಾರೆ. ಓಡುವಾಗ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳುವಷ್ಟು ಉಸಿರು ಉಳಿದಿರಬೇಕು ಎಂಬ ಹಳೆಯ ಪರೀಕ್ಷೆಯೊಂದನ್ನು ಪ್ರತಿ ವಾರದ ಮೇಲೂ ದಪ್ಪ ಅಕ್ಷರದಲ್ಲಿ ಮುದ್ರಿಸಬೇಕಿತ್ತು. ಮೊದಲ ಕೆಲವು ವಾರಗಳ ಮಟ್ಟಿಗೆ, ಪಾರ್ಕಿನಲ್ಲಿ ಬಿರುಸಾಗಿ ನಡೆಯುವವರು ನಮ್ಮನ್ನು ಹಿಂದೆ ಹಾಕಿದರೂ ಅದರಲ್ಲಿ ತಪ್ಪೇನೂ ಇಲ್ಲ. ಬಿಡುವಿನ ದಿನಗಳ ಬಗೆಗೂ ಇದೇ ಮಾತು. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ, ಎಲುಬು ಮತ್ತು ಸ್ನಾಯುರಜ್ಜುಗಳು ಅಷ್ಟು ಬೇಗ ಪಳಗುವುದಿಲ್ಲ. ‘ಉಸಿರು ಸಲೀಸಾಗಿದೆಯಲ್ಲ, ದಿನವೂ ಓಡಿಬಿಡೋಣ’ ಎಂದುಕೊಳ್ಳುವವರು ನೋವು ತಂದುಕೊಳ್ಳುವುದು ಇದೇ ಅಂತರದಲ್ಲಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾನು ಇಳಿಸಿಕೊಂಡ ಉಚಿತ ಆ್ಯಪ್ ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ನಡುವೆ ಜಾಹೀರಾತು ತುರುಕುತ್ತಿತ್ತು, ಮರಗಳು ದಟ್ಟವಾಗಿರುವ ಕಡೆ ಜಿಪಿಎಸ್ ದಾರಿ ತಪ್ಪಿ ನಾನು ಓಡದೇ ಇದ್ದ ದೂರವನ್ನೂ ನನ್ನ ಖಾತೆಗೆ ಜಮಾ ಮಾಡುತ್ತಿತ್ತು. ನಾನು ನೋಡಿದ ಯಾವ ಆ್ಯಪ್‌ನಲ್ಲೂ ಕನ್ನಡದ ಧ್ವನಿ ಸಿಗಲಿಲ್ಲ. ‘ಈಗ ನಡೆಯಿರಿ’, ‘ಈಗ ಓಡಿ’ ಎಂಬ ಎರಡು ಮಾತು, ಒಂದಷ್ಟು ಉತ್ತೇಜನ, ಇಷ್ಟನ್ನು ಕನ್ನಡದಲ್ಲಿ ಹೇಳಿಸುವುದು ದೊಡ್ಡ ಕೆಲಸವೇನಲ್ಲ. ನಮ್ಮ ಚಿಕ್ಕಮ್ಮ ಆ್ಯಪ್‌ನ ಗೊಡವೆಗೇ ಹೋಗದೆ, ಆಯಾ ವಾರದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಅದನ್ನು ಫೋನಿನ ಕವರಿನ ಹಿಂದೆ ಸಿಕ್ಕಿಸಿ, ಕೈಗಡಿಯಾರ ನೋಡಿಕೊಂಡೇ ಈಗ ಐದನೇ ವಾರಕ್ಕೆ ಬಂದಿದ್ದಾರೆ. ವೇಳಾಪಟ್ಟಿ ಅಷ್ಟು ಸರಳವಾಗಿರುವಾಗ ಆ್ಯಪ್‌ಗೆ ಹಣ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಖರ್ಚು ಮಾಡಲೇಬೇಕೆಂದರೆ ಓಟಕ್ಕೆಂದೇ ಮಾಡಿದ ಒಂದು ಜೊತೆ ಶೂಗೆ ಮಾಡಿ, ಸಂಜೆಯ ಹೊತ್ತು, ಪಾದ ತುಸು ಊದಿಕೊಂಡಿರುವಾಗ ಹೋಗಿ ಅಳತೆ ನೋಡಿ ಕೊಳ್ಳಿ.

ತೂಕ ಇಳಿಸುವ ಆಸೆಯಿಂದ ಬರುವವರಿಗೂ ಒಂದು ಮಾತು. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ ಎಂಬುದು ವಾಡಿಕೆಯ ಅಂದಾಜು. ಎಪ್ಪತ್ತು ಕಿಲೋ ತೂಕದವರು ನಾಲ್ಕು ಕಿಲೋಮೀಟರ್ ಓಡಿದರೆ ಇನ್ನೂರ ಎಂಬತ್ತು. ಓಟ ಮುಗಿಸಿ ಗಾಂಧಿಬಜಾರಿನ ಕಡೆಗೆ ತಿರುಗಿ, ತುಪ್ಪದಲ್ಲಿ ಗರಿಗರಿಯಾದ ಒಂದು ಮಸಾಲೆದೋಸೆ ತಿಂದರೆ ಲೆಕ್ಕ ಚುಕ್ತಾ. ಈ ಕ್ರಮ ಕೊಡುವುದು ದಮ್ಮು, ಮೆಟ್ಟಿಲು ಹತ್ತುವಾಗಿನ ಸಲೀಸು ಮತ್ತು ಒಳ್ಳೆಯ ನಿದ್ದೆ. ತಕ್ಕಡಿಯ ಮುಳ್ಳಿಗೆ ಅದು ಜವಾಬ್ದಾರಿಯಲ್ಲ.

ಹಾಗಾದರೆ ಬಾಕಿ ಉಳಿದ ಒಂದೂಕಾಲು ಕಿಲೋಮೀಟರಿಗೆ ಏನು ಮಾಡಬೇಕು? ನಾನು ಹಾಕಿಕೊಂಡಿರುವ ಯೋಜನೆ ಹೀಗಿದೆ. ಹತ್ತನೇ ವಾರದಿಂದ ವಾರದ ಎರಡು ಓಟಗಳನ್ನು ಮೂವತ್ತು ನಿಮಿಷದಲ್ಲೇ ಇಟ್ಟುಕೊಂಡು, ಭಾನುವಾರದ ಒಂದನ್ನು ಮಾತ್ರ ವಾರಕ್ಕೆ ಮೂರು ಮೂರು ನಿಮಿಷ ಹಿಗ್ಗಿಸುತ್ತ ಹೋಗುವುದು. ಎಂಟು ನಿಮಿಷದ ವೇಗದವರಿಗೆ ಐದು ಕಿಲೋಮೀಟರ್ ಎಂದರೆ ನಲವತ್ತು ನಿಮಿಷ, ನಾಲ್ಕು ವಾರದಲ್ಲಿ ಅದು ಕೈಗೆ ಬರುತ್ತದೆ. ಏಳೂವರೆಯವರಿಗೆ ಮೂರು ವಾರ ಸಾಕು. ವೇಗವನ್ನು ಹೆಚ್ಚಿಸಿ ಮೂವತ್ತು ನಿಮಿಷದೊಳಗೇ ಐದನ್ನು ತುರುಕಲು ಹೋಗುವುದಕ್ಕಿಂತ ಇದು ಕಾಲಿಗೆ ಸುರಕ್ಷಿತ. ಭಾನುವಾರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಕಬ್ಬನ್ ಪಾರ್ಕ್. ಅಂದು ಅದರೊಳಗೆ ವಾಹನಗಳಿಗೆ ಪ್ರವೇಶವಿಲ್ಲ, ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಸುತ್ತಮುತ್ತಲಿನ ರಸ್ತೆಗಳೆಲ್ಲ ಓಡುವವರದೇ. ದೂರವನ್ನು ಅನುಮಾನಕ್ಕೆಡೆಯಿಲ್ಲದಂತೆ ಅಳೆಯಬೇಕೆನ್ನುವವರು ನಾನೂರು ಮೀಟರಿನ ಯಾವುದಾದರೂ ಕ್ರೀಡಾಂಗಣದ ಟ್ರ್ಯಾಕನ್ನು ಹುಡುಕಿಕೊಳ್ಳಬಹುದು: ಒಳಗಿನ ಸಾಲಿನಲ್ಲಿ ಹನ್ನೆರಡೂವರೆ ಸುತ್ತು ಮುಗಿದರೆ ಸರಿಯಾಗಿ ಐದು ಕಿಲೋಮೀಟರ್.

ಬೇಸಗೆಯಲ್ಲಿ ನಡೆಯುವ ಬೆಂಗಳೂರಿನ ವರ್ಲ್ಡ್ 10ಕೆ ಓಟದ ಮೇಲೆ ಕಣ್ಣಿಟ್ಟು ಈ ಕ್ರಮವನ್ನು ಆರಂಭಿಸುವವರಿದ್ದಾರೆ. ಅವರಿಗೆ ಇದೊಂದೇ ಸಾಲದು. ಹತ್ತು ಕಿಲೋಮೀಟರಿಗೆ ಇನ್ನೂ ಎರಡು ಮೂರು ತಿಂಗಳ ಬೇರೆ ಅಭ್ಯಾಸ ಬೇಕಾಗುವುದರಿಂದ, ಅಂಥವರು ದೀಪಾವಳಿಯ ಪಟಾಕಿ ಹೊಗೆ ಕರಗಿದ ಕೂಡಲೇ ಮೊದಲ ವಾರವನ್ನು ಶುರುಮಾಡಬೇಕು. ಬರೀ ಐದು ಕಿಲೋಮೀಟರಿನ ಗುರಿಯಿರುವವರು ಜನವರಿಯಲ್ಲಿ ಶುರುಮಾಡಿದರೂ ಬಿಸಿಲು ಏರುವ ಮುನ್ನ ಮುಗಿಸಬಹುದು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆಂದು ಲಾಲ್‌ಬಾಗ್ ತುಂಬಿ ತುಳುಕುವ ದಿನಗಳು ಆಗ ಮೊದಲ ಎರಡು ಮೂರು ವಾರಗಳಿಗೇ ಬೀಳುತ್ತವೆ, ತೊಂಬತ್ತು ಸೆಕೆಂಡಿನ ಓಟಕ್ಕೆ ಬಡಾವಣೆಯ ಪಾರ್ಕೇ ಧಾರಾಳವಾಗುತ್ತದೆ. ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕಾದ ಐದನೇ ವಾರ ಬರುವಷ್ಟರಲ್ಲಿ ಹೂಗಳ ಜನಸಂದಣಿ ಕರಗಿ, ಲಾಲ್‌ಬಾಗಿನ ಉದ್ದನೆಯ ದಾರಿಗಳು ಮತ್ತೆ ತೆರವಾಗಿರುತ್ತವೆ.